ಕರುಳಿನ ತೂಬು: ಒಂದು ಕಿಣ್ವದ ವಂಶವಾಹಿಯ ಚರಿತ್ರೆ

ಶಿರಾ ಸೀಮೆಯ ಕಳ್ಳಂಬೆಳ್ಳದಂತಹ ಕೆರೆಯೂರಿನವರಿಗೆ ತೂಬಿನ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ. ಅಳವರಿತು ತೆರೆದರೆ ಗದ್ದೆಗೆ ನೀರು. ಮುಚ್ಚದೆ ಬಿಟ್ಟರೆ ಕೆರೆ ಬರಿದು. ಮನುಷ್ಯನ ಕರುಳಿನಲ್ಲಿಯೂ ಇಂತಹುದೊಂದು ಏರ್ಪಾಡುಂಟು. ಅಲ್ಲಿನ ಜೀವಕೋಶಗಳ ಪೊರೆಯಲ್ಲಿ ನಾಟಿಕೊಂಡಿರುವ ಗ್ವಾನಿಲಿಲ್ ಸೈಕ್ಲೇಸ್-ಸಿ ಎಂಬ ಕಿಣ್ವವೇ ಅದು. (ಕಿಣ್ವವೆಂಬುದು ಸಂಸ್ಕೃತದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಸಲ್ಲುತ್ತಿದ್ದ ಹೆಸರು.) ಇದನ್ನು ನಿಯಮಿಸುವ ವಂಶವಾಹಿಯು 12ನೆಯ ವರ್ಣತಂತುವಿನಲ್ಲಿದೆ.

ಇದರ ಚರಿತ್ರೆಯು ವಿಷದಿಂದ ಮೊದಲಾಗುತ್ತದೆ. ವಿಷವೈದ್ಯವು ಕನ್ನಡಿಗರಿಗೆ ಹೊಸತಲ್ಲ; 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವೇ ಅದಕ್ಕೆ ಸಾಕ್ಷಿ. ಆದರೆ ಇ. ಕೋಲಿ ಎಂಬ ಸೂಕ್ಷ್ಮಜೀವಿಯ ಕೆಲವು ಪ್ರಭೇದಗಳು ಕರುಳಿನಲ್ಲಿ ಸ್ರವಿಸಿ ಅತಿಸಾರವನ್ನುಂಟುಮಾಡುವ ವಿಷವೊಂದು ವಿಲಕ್ಷಣವಾದುದು. ಕುದಿಸಿದರೆ ಜೀವಿಯು ಸಾಯುವುದು, ವಿಷವು ಕೆಡದು. ಈ ವಿಷದಿಂದ ಕರುಳಿನಲ್ಲಿ ಸೈಕ್ಲಿಕ್ ಜಿ.ಎಂ.ಪಿ. ಎಂಬ ಸಂದೇಶದ್ರವ್ಯವು ಹೆಚ್ಚುವುದೆಂದು 1978ರಲ್ಲಿ ತಿಳಿಯಿತು. ವಿಷವು ಬಂದು ಕೂಡುವ ಸ್ಥಾನವೂ ಆ ದ್ರವ್ಯವನ್ನು ತಯಾರಿಸುವ ಕಿಣ್ವವೂ ಒಂದೇ ಅಣುವೆಂಬುದನ್ನು 1990ರಲ್ಲಿ ಅಮೆರಿಕದ ಡೇವಿಡ್ ಗಾರ್ಬರ್ಸ್ ಅವರ ತಂಡವು ತೋರಿಸಿತು. ಅಣುವಿನ ಹೊರಭಾಗವು ವಿಷವನ್ನು ಹಿಡಿಯುವುದು. ಒಳಭಾಗವು ಸಂದೇಶವನ್ನು ಹೊರಡಿಸುವುದು. ಅದರಿಂದ ಕ್ಲೋರೈಡಿನ ದ್ವಾರವು ತೆರೆದು ಲವಣವು ಹೊರಗೆ ಹರಿಯುವುದು, ನೀರು ಅದನ್ನು ಹಿಂಬಾಲಿಸುವುದು.

ಶತ್ರುವಿಗಾಗಿ ದೇಹವು ಬಾಗಿಲನ್ನೇಕೆ ಇರಿಸಿಕೊಂಡಿತು? ಉತ್ತರವು 1992ರಲ್ಲಿ ದೊರೆಯಿತು. ಕರುಳೇ ಗ್ವಾನಿಲಿನ್ ಎಂಬ ದ್ರವ್ಯವನ್ನು ಉತ್ಪಾದಿಸಿ ಈ ಬಾಗಿಲನ್ನು ಹಿತಮಿತವಾಗಿ ತೆರೆಯುತ್ತದೆ. ವಿಷವು ಅದರ ವೇಷವನ್ನು ಧರಿಸಿದ ಕಳ್ಳನೇ ಸರಿ.

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯನವರೂ ಅವರ ಶಿಷ್ಯರೂ ಈ ಕಿಣ್ವವನ್ನು ಬಹುಕಾಲ ಪರಿಶೋಧಿಸಿದ್ದಾರೆ. ನಾರ್ವೆಯ ಒಂದು ಮನೆತನದ 32 ಮಂದಿಗೆ ಎಳೆತನದಿಂದಲೇ ಅತಿಸಾರವಿದ್ದಿತು. ಕೆಲವರಿಗೆ ಕರುಳಿನ ಉರಿಯೂತವೂ ಕರುಳುಕಟ್ಟೂ ಕಾಣಿಸಿಕೊಂಡಿದ್ದವು. ಇಂತಹ ವ್ಯಾಧಿಯಲ್ಲಿ ಜನರು ನೀರನ್ನೋ ಆಹಾರವನ್ನೋ ದೂರುವುದು ಸಹಜ. ಇಲ್ಲಿ ದೋಷವಿದ್ದುದು ವಂಶವಾಹಿಯಲ್ಲಿ. ಕಿಣ್ವದ 840ನೆಯ ಸ್ಥಾನದ ಸೆರೀನ್ ಹೋಗಿ ಐಸೊಲ್ಯೂಸೀನ್ ಬಂದುದರಿಂದ, ಗ್ವಾನಿಲಿನ್ ವರ್ಗದ ದ್ರವ್ಯಗಳ ಸಾಮಾನ್ಯವಾದ ಕರೆಗೂ ಅದು ಮಿತಿಮೀರಿ ಓಗೊಡುತ್ತಿದ್ದಿತು. ನಾರ್ವೆಯ ವೈದ್ಯರೂ ಬೆಂಗಳೂರಿನ ಸಂಶೋಧಕರೂ ಕೂಡಿ ಇದನ್ನು 2012ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಇಸ್ರೇಲಿನ ಬೆಡೂಯಿನ್ ಕುಟುಂಬಗಳಲ್ಲಿ ಇದಕ್ಕೆ ವಿಪರೀತವಾದ ಸ್ಥಿತಿಯು ಕಂಡುಬಂದಿತು. ಅಲ್ಲಿ ಕಿಣ್ವವು ಕುಂದಿದುದರಿಂದ ನವಜಾತ ಶಿಶುಗಳ ಮೊದಲ ಮಲವೇ ಗಟ್ಟಿಯಾಗಿ ಕರುಳನ್ನು ಕಟ್ಟುತ್ತಿದ್ದಿತು. ಇನ್ನು ಆ ಕುದಿದರೂ ಕೆಡದ ವಿಷದ ರಚನೆಯನ್ನನುಸರಿಸಿ ನಿರ್ಮಿಸಿದ ಲಿನಾಕ್ಲೋಟೈಡ್, ಅಮೆರಿಕದಲ್ಲಿ ಮಲಬದ್ಧತೆಗೆ ಔಷಧವೆಂದು ಅಂಗೀಕೃತವಾದುದೂ 2012ರಲ್ಲಿಯೇ.