ನಿಲ್ಲಬಲ್ಲ ಹಕ್ಕಿ

ದೆಹಲಿಗೆ ಬಂದ ಮೊದಲ ಚಳಿಗಾಲದ ಒಂದು ಸಂಜೆ ಜಾಮಾ ಮಸೀದಿಯ ಹತ್ತಿರದ ಗಲ್ಲಿಯಲ್ಲಿ ಚಹಾ ಕುಡಿಯುತ್ತಿದ್ದೆ. ಮೇಲಿನ ತಾರಸಿಯಿಂದ ‘ಆವ್, ಆವ್’ ಎಂಬ ಕೂಗು ಕೇಳಿಸಿತು. ತಲೆ ಎತ್ತಿದರೆ ಪಾರಿವಾಳಗಳ ಹಿಂಡು. ಅದರಲ್ಲೊಂದು ಹಾರುತ್ತಲೇ ಹಿಂದಕ್ಕೆ ಲಾಗ ಹಾಕಿ, ಏನೂ ಆಗದಂತೆ ಮತ್ತೆ ಹಿಂಡು ಸೇರಿತು. ನನಗೆ ಹುಬ್ಬಳ್ಳಿಯ ಮಾವನ ಮಾಳಿಗೆ ನೆನಪಾಯಿತು.

ಮಾವನ ಹತ್ತಿರ ಹತ್ತು ಹನ್ನೆರಡು ಪಲ್ಟಿ ಪಾರಿವಾಳಗಳಿದ್ದವು. ನನಗಾಗ ಹನ್ನೊಂದು ವರ್ಷ. ಒಮ್ಮೆ ಅವರು ತಿಂಗಳ ಮಟ್ಟಿಗೆ ಪರಊರಿಗೆ ಹೋದಾಗ ಕಾಳು ನೀರಿನ ಜವಾಬ್ದಾರಿ ನನ್ನದಾಯಿತು. ಎಲ್ಲಕ್ಕಿಂತ ಹೆಚ್ಚು ಪಲ್ಟಿ ಹೊಡೆಯುತ್ತಿದ್ದ ಗಂಡನ್ನೂ ಅಷ್ಟೇ ಜೋರಿನ ಹೆಣ್ಣನ್ನೂ ಒಂದೇ ಗೂಡಿನಲ್ಲಿ ಕೂಡಿಹಾಕಿದೆ. ಮಾವ ಬರುವಷ್ಟರಲ್ಲಿ ಎರಡು ಮೊಟ್ಟೆ ಬಿದ್ದಿದ್ದವು. ಅವರು ನೋಡಿ ಸುಮ್ಮನಾದರು. ಎರಡೂ ಮರಿಯಾದವು, ಹಾರಿದವು. ಐದಾರು ತಿಂಗಳಿಗೆ ಒಂದು ಮರಿ ಪಲ್ಟಿ ಶುರುಮಾಡಿತು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ. ನಾನು ಕುಣಿದಾಡಿದೆ. ಒಂದು ಬೆಳಿಗ್ಗೆ ಅದು ಸುತ್ತುತ್ತ ಸುತ್ತುತ್ತ ಇಳಿದು, ನಿಲ್ಲದೆ, ಅಂಗಳದ ಹಾಸುಗಲ್ಲಿಗೆ ಬಡಿದು ಸತ್ತಿತು.

ಮಾವ ಬೈಯಲಿಲ್ಲ. ಅದನ್ನು ಎತ್ತಿಕೊಂಡು, “ಎಷ್ಟ್ ಪಲ್ಟಿ ಹೊಡೀತದ ಅನ್ನೂದಲ್ಲೋ ತಮ್ಮಾ, ಯಾವಾಗ ನಿಂದರ್ತದ ಅನ್ನೂದು ನೋಡಬೇಕು” ಎಂದರು.

ಆ ಮಾತು ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿದದ್ದು ದೆಹಲಿಯಲ್ಲಿ, ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಓದಿದಾಗ. ಪಾರಿವಾಳ ಹಾರಿಸುವ ಆಟಕ್ಕೆ ಅವನು ಕೊಡುವ ಹೆಸರು ‘ಇಷ್ಕ್‌ಬಾಜಿ’. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳು, ಅವುಗಳಲ್ಲಿ 500 ‘ಖಾಸಾ’. ಬಿಡಾರ ಕಿತ್ತು ಹೊರಟರೆ ಗೂಡುಗಳನ್ನು ಹೊತ್ತು ಆಳುಗಳೂ ಹೊರಡುತ್ತಿದ್ದರು. ಒಳ್ಳೆಯ ಖಾಸಾ ಹಕ್ಕಿ 15 ‘ಚರ್ಖ್’, 70 ‘ಬಾಜಿ’ ಮಾಡುತ್ತಿತ್ತಂತೆ. ಚರ್ಖ್ ಎಂದರೆ ಪೂರ್ಣ ಸುತ್ತು, ಬಾಜಿ ಎಂದರೆ ಪಲ್ಟಿ. ಲೆಕ್ಕವೆಲ್ಲ ‘ಎಷ್ಟು’ ಎಂಬುದರದೇ. ಹನ್ನೊಂದು ವರ್ಷದ ನಾನು ಅಲ್ಲಿದ್ದಿದ್ದರೆ ಹೊಂದಿಕೊಳ್ಳುತ್ತಿದ್ದೆ.

ಆದರೆ ಅದೇ ಅಧ್ಯಾಯದಲ್ಲಿ ಒಂದು ವಂಶಾವಳಿಯೂ ಇದೆ. ಅಕ್ಬರನ ಸಾಕುತಾಯಿಯ ಮಗ ಅಜೀಜ್ ಕೋಕಾನ ಬಳಿ ‘ಮೋಹನಾ’ ಎಂಬ ನೀಲಿ ಬಣ್ಣದ ಪಾರಿವಾಳವಿತ್ತು. ಬಾದಶಹನಿಗೆ ಮೆಚ್ಚುಗೆಯಾಗಿ ಅದು ಖಾಸಾಗಳ ಮುಖ್ಯಸ್ಥನಾಯಿತು. ಅದರ ಸಂತತಿಯಲ್ಲಿ ಅಶ್ಕಿ, ಪರೀಜಾದ್, ಅಲ್ಮಾಸ್, ಶಾಹ್ ಊದಿ. ರಾಜರ ವಂಶಾವಳಿ ಬರೆದ ಕೈಯೇ ಹಕ್ಕಿಗಳದ್ದನ್ನೂ ಬರೆದಿದೆ. ತಳಿ ಬೆರೆಸುವ ಕ್ರಮ ಹಿಂದೆಂದೂ ಇರಲಿಲ್ಲ, ಬಾದಶಹರೇ ತಂದರು ಎನ್ನುತ್ತಾನೆ ಅಬುಲ್ ಫಜಲ್. ಇದು ಆಸ್ಥಾನಿಕನ ಮಾತು. ಬಾಬರನ ತಂದೆ ಉಮರ್ ಶೇಖ್ ಮಿರ್ಜಾನ ಪಾರಿವಾಳಗಳ ಖ್ಯಾತಿಯನ್ನು ಅವನೇ ಅಲ್ಲಿ ನೆನೆಯುತ್ತಾನೆ. ಆ ಮಿರ್ಜಾ 1494ರಲ್ಲಿ ಪಾರಿವಾಳದ ಗೂಡಿನ ಸಮೇತ ಕಂದರಕ್ಕೆ ಬಿದ್ದು ಸತ್ತವನು. ಜೋಡಿ ಆರಿಸುವ ಕಣ್ಣಿಲ್ಲದೆ ಅಂಥ ಹಕ್ಕಿಗಳು ಬರುವುದಿಲ್ಲ. ಆ ಕಣ್ಣು ಯಾರ ಯಾರದಿತ್ತೋ, ಹೆಸರು ಉಳಿದದ್ದು ದೊರೆಗಳದು.

ಅಬುಲ್ ಫಜಲನ ಆ ಸಾಲುಗಳನ್ನು ಇಂಗ್ಲಿಷಿನಲ್ಲಿ ಓದಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. 1859ರ ‘ಆರಿಜಿನ್ ಆಫ್ ಸ್ಪೀಷೀಸ್’ನ ಮೊದಲ ಅಧ್ಯಾಯದಲ್ಲೇ ಅಕ್ಬರನ ಪಾರಿವಾಳಗಳಿವೆ. ಡಾರ್ವಿನ್ ತಾನೂ ಪಾರಿವಾಳ ಸಾಕಿ, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳ ಸದಸ್ಯನಾದ. ಪಲ್ಟಿ ಹೊಡೆಯುವುದನ್ನು ಹಕ್ಕಿಗೆ ಯಾರೂ ಕಲಿಸಿರಲಾರರು ಎಂಬುದು ಅವನ ವಾದ. ಯಾವುದೋ ಒಂದರಲ್ಲಿ ಆ ಚಟದ ಎಳೆ ಕಂಡಿರಬೇಕು, ಅಂಥವನ್ನೇ ತಲೆಮಾರುಗಟ್ಟಲೆ ಆರಿಸುತ್ತ ಬಂದದ್ದರಿಂದ ಈ ಹಕ್ಕಿಯಾಯಿತು. ನಮ್ಮ ನಾಡಿನ ‘ಲೋಟನ್’ ಪಾರಿವಾಳವನ್ನೂ ಅವನು ವಿವರಿಸಿದ್ದಾನೆ. ಮೆಲ್ಲಗೆ ಅಲುಗಿಸಿ ನೆಲಕ್ಕೆ ಬಿಟ್ಟರೆ ಅದು ಉರುಳುತ್ತಲೇ ಇರುತ್ತದೆ. ಎತ್ತಿಕೊಂಡು ಮುಖಕ್ಕೆ ಊದಿದರಷ್ಟೇ ಶಾಂತ. ಆರಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಭಾರತದಿಂದ ಡಾರ್ವಿನ್ನನಿಗೆ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟವನ ಹೆಸರು ಓದಿ ನಾನು ಬೆಚ್ಚಿದೆ. ಮದರಾಸಿನ ವಾಲ್ಟರ್ ಎಲಿಯಟ್! 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದಾಗ ಚೆನ್ನಮ್ಮನ ಸೆರೆಯಾದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ, ಮುಂದೆ ನಮ್ಮ ಶಾಸನಗಳನ್ನು ನೂರುಗಟ್ಟಲೆ ಪ್ರತಿ ಮಾಡಿಸಿದವ. ಶಾಲೆಯ ಪಾಠದಲ್ಲಿ ಕೈದಿಯಾಗಿ ಕಂಡವನು ಇಲ್ಲಿ ಪಾರಿವಾಳ ಕಟ್ಟಿ ಕಳಿಸುತ್ತಿದ್ದ.

‘ಎಷ್ಟು’ ಎಂಬ ಲೆಕ್ಕದ ಜೊತೆ ‘ನಿಲ್ಲುವುದ’ನ್ನೂ ಹಿಡಿದು ಕೂತವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಅದರ ಪಕ್ಕದ ‘ಬ್ಲ್ಯಾಕ್ ಕಂಟ್ರಿ’ಯ ಜನ. ಕಲ್ಲಿದ್ದಲು, ಕುಲುಮೆ, ಮೊಳೆ, ಸರಪಳಿಯ ಸೀಮೆ ಅದು. ದುಡಿಯುವವರ ಹಿತ್ತಲ ಗೂಡುಗಳಲ್ಲಿ ‘ಬರ್ಮಿಂಗ್‌ಹ್ಯಾಮ್ ರೋಲರ್’ ರೂಪುಗೊಂಡಿತು. ಇದು ಒಂದೊಂದೇ ಪಲ್ಟಿಯ ಹಕ್ಕಿಯಲ್ಲ. ಎಣಿಸಲಾಗದ ವೇಗದಲ್ಲಿ ಚೆಂಡಿನಂತೆ ಸುತ್ತುತ್ತ ಹತ್ತಾರು ಅಡಿ ಇಳಿದು, ತಟ್ಟನೆ ನಿಂತು, ನೇರ ಹಿಂಡಿಗೆ ಮರಳಬೇಕು. ನಿಲ್ಲಲಾಗದೆ ನೆಲಕ್ಕೆ ಬಡಿಯುವುದಕ್ಕೆ ಅವರಲ್ಲಿ ‘ರೋಲ್‌ಡೌನ್’ ಎಂದೇ ಹೆಸರು. ನಮ್ಮ ಅಂಗಳದಲ್ಲಿ ಸತ್ತದ್ದಕ್ಕೂ ಅದೇ ಹೆಸರು.

ಜೋಡಿ ಮಾಡುವ ಅವರ ಕ್ರಮ ಸರಳ, ಪಾಲಿಸುವುದು ಕಷ್ಟ. ಮೊದಲ ವರ್ಷದ ಹಕ್ಕಿಯ ಅಬ್ಬರ ನಂಬಬಾರದು. ಒಂದೆರಡು ವರ್ಷ ಆಕಾಶದಲ್ಲಿ ನೋಡಿ ಆಮೇಲೆ ಗೂಡಿಗೆ. ಆಳಕ್ಕೆ ಇಳಿಯುವ ಹಕ್ಕಿಗೆ ಸ್ಥಿಮಿತದ ಜೊತೆ. ಎರಡು ಅತಿಗಳನ್ನು ಕೂಡಿಸಬಾರದು. ಹೊರಗಿನ ತಳಿ ಬೆರೆಸಿದರೆ ಮೊದಲ ತಲೆಮಾರಿನಲ್ಲೇ ಸುತ್ತು ಬಹುತೇಕ ಮಾಯ. ಅದಕ್ಕೇ ಅಜ್ಜ ಮೊಮ್ಮಗಳು, ಮಲಸಹೋದರ ಸಹೋದರಿ ಎಂದು ರಕ್ತದೊಳಗೇ ಜೋಡಿ. ಹಾಗೆ ಮಾಡಿದಾಗ ಗುಣದಂತೆ ದೋಷವೂ ಬೇರೂರುವುದರಿಂದ ಪ್ರತಿ ಮರಿಯ ಕಾಲುಂಗುರದ ಲೆಕ್ಕ ಪುಸ್ತಕದಲ್ಲಿರಬೇಕು. ನಮ್ಮವರು ಮದುವೆಗೆ ಮೊದಲು ಜಾತಕ ನೋಡಿದರೆ ಅವರು ಮಕ್ಕಳಾದ ಮೇಲೆ ನೋಡುತ್ತಾರೆ. ಗಂಡು ಹೆಣ್ಣು ಎಷ್ಟೇ ಹೆಸರುವಾಸಿಯಾಗಿರಲಿ, ಮರಿಗಳು ಸೋತರೆ ಆ ಜೋಡಿ ಮುರಿದಂತೆ.

ಇಷ್ಟನ್ನು ಬರಹಕ್ಕೆ ಇಳಿಸಿದವರಲ್ಲಿ ಬಿಲ್ ಪೆನ್ಸಮ್ ದೊಡ್ಡ ಹೆಸರು. ಅವನೂ ನಮ್ಮಂತೆ ಊರು ಬಿಟ್ಟವನೇ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ, ಅವನ ಹಕ್ಕಿಗಳ ಸಂತತಿ ಅಮೆರಿಕದ ಗೂಡುಗಳಲ್ಲೆಲ್ಲ ಹರಡಿತು.

ಮಾವ ಇದಾವುದನ್ನೂ ಓದಿದವರಲ್ಲ. ನನ್ನ ಆ ಎರಡನೆಯ ಮರಿಯ ಕತೆ ಹೇಳದೆ ಉಳಿದಿದೆ. ಅದು ಸೊಗಸಾಗಿ ಸುತ್ತುತ್ತಿತ್ತು, ನಿಲ್ಲುತ್ತಲೂ ಇತ್ತು. ಅದಕ್ಕೆ ಜೋಡಿ ಹಾಕೋಣವೆಂದು ನಾನು ಎಷ್ಟು ಗೋಗರೆದರೂ ಮಾವ ಒಪ್ಪಲಿಲ್ಲ. “ಅದರ ತಪ್ಪಿಲ್ಲೋ. ಖರೆ, ಇದರ ಮರಿ ನೆಲಕ್ಕ ಬಿದ್ರ ತಪ್ಪು ನಂದಾಗ್ತದ” ಎಂದರು. ಅಂದು ಅದು ನನಗೆ ಕಲ್ಲುಮನಸ್ಸಾಗಿ ಕಂಡಿತ್ತು. ಆ ಹಕ್ಕಿ ಏಳು ವರ್ಷ ಬದುಕಿತು. ದಿನಾ ಬೆಳಿಗ್ಗೆ ಅದನ್ನು ಹಿಂಡಿನ ಜೊತೆ ಹಾರಿಬಿಟ್ಟು, ಅದು ಮಾಳಿಗೆಗೆ ಇಳಿಯುವ ತನಕ ಮಾವ ಕೆಳಗೆ ಬರುತ್ತಿರಲಿಲ್ಲ.