ಇಳಿಜಾರಿನಲ್ಲಿ ಭಾರದ ಬೈಕ್: ಗೇರ್‌ನಲ್ಲಿ ನಿಲ್ಲಿಸಿದರೆ ಎಂಜಿನ್ ಹಾಳಾಗುತ್ತದೆಯೇ?

ಪ್ರವಾಸದ ಸೀಸನ್ ಬಂತೆಂದರೆ ಬೈಕ್ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವು ಸಲಹೆಗಳು ತಪ್ಪದೇ ಸುತ್ತುತ್ತವೆ. ‘ಗೇರ್‌ನಲ್ಲಿ ಬೈಕ್ ನಿಲ್ಲಿಸಬೇಡಿ, ಎಂಜಿನ್ ಹಾಳಾಗುತ್ತೆ’ ಎಂಬುದು ಒಂದು. ‘ಡಬಲ್ ಸ್ಟ್ಯಾಂಡ್ ಹಾಕಿದರೆ ಎಲ್ಲೇ ಆದರೂ ಭದ್ರ’ ಎಂಬುದು ಇನ್ನೊಂದು. ‘ಹ್ಯಾಂಡಲ್ ಲಾಕ್ ಮಾಡಿದ ಮೇಲೆ ಬೈಕ್ ಎಲ್ಲಿಗೂ ಹೋಗಲ್ಲ’ ಎಂಬುದು ಮೂರನೆಯದು. ಸಮತಟ್ಟಾದ ಜಾಗದಲ್ಲಿ ಈ ಮೂರನ್ನು ನಂಬಿದರೂ ಹೆಚ್ಚೇನೂ ಆಗುವುದಿಲ್ಲ. ಆದರೆ ಮುಳ್ಳಯ್ಯನಗಿರಿಯ ದಾರಿಯಲ್ಲೋ, ಮಡಿಕೇರಿಯ ಏರು ಬೀದಿಯಲ್ಲೋ ಲಗೇಜ್ ತುಂಬಿದ ದೊಡ್ಡ ಬೈಕ್ ನಿಲ್ಲಿಸುವಾಗ ಇವುಗಳನ್ನು ನಂಬಿದರೆ ಬೈಕ್ ಬೀಳಬಹುದು. ಪಕ್ಕದಲ್ಲಿ ಯಾರಾದರೂ ಮಗು ನಿಂತಿದ್ದರೆ ಅದರ ಮೇಲೂ ಬೀಳಬಹುದು. ಹಾಗಾಗಿ ಒಂದೊಂದನ್ನೇ ಪರಿಶೀಲಿಸೋಣ.

ಮೊದಲು ಭಾರದ ಲೆಕ್ಕ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಬೈಕ್‌ನ ತೂಕ 196 ಕೆ.ಜಿ. ಅದೇ ಕಂಪನಿಯ ಸೂಪರ್ ಮೀಟಿಯಾರ್ 650 ಬೈಕ್ 241 ಕೆ.ಜಿ. ಹೋಂಡಾ ಗೋಲ್ಡ್ ವಿಂಗ್‌ನಂಥ ಬೈಕ್ 400 ಕೆ.ಜಿ.ಯ ಹತ್ತಿರಕ್ಕೆ ಹೋಗುತ್ತದೆ. ಸೂಪರ್ ಮೀಟಿಯಾರ್‌ಗೆ 30 ಕೆ.ಜಿ. ಲಗೇಜ್ ಕಟ್ಟಿದ್ದೀರಿ ಎಂದುಕೊಳ್ಳಿ. 5 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ನೂರು ಮೀಟರ್‌ಗೆ ಸುಮಾರು 9 ಮೀಟರ್ ಏರುವ ರಸ್ತೆಯಲ್ಲಿ, ಆ ಬೈಕನ್ನು ಕೆಳಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ 24 ಕೆ.ಜಿ. ತೂಕದಷ್ಟು. ಹಗ್ಗ ಕಟ್ಟಿ ಒಂದು ಅಕ್ಕಿ ಚೀಲ ನೇತುಬಿಟ್ಟಂತೆ. ಇಳಿಜಾರು 10 ಡಿಗ್ರಿಗೆ ಏರಿದರೆ ಎಳೆತ 47 ಕೆ.ಜಿ. ದಾಟುತ್ತದೆ. ಅದು ಹತ್ತಿರಹತ್ತಿರ ಒಂದು ಮೂಟೆ ಸಿಮೆಂಟಿನ ತೂಕ. ನೀವು ಚಹಾ ಕುಡಿದು ಬರುವವರೆಗೂ ಈ ಎಳೆತ ನಿಲ್ಲುವುದಿಲ್ಲ. ಇದನ್ನು ತಡೆಯುವ ಕೆಲಸ ಸ್ಟ್ಯಾಂಡಿನದ್ದಲ್ಲ. ಬೈಕ್ ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳುವುದಷ್ಟೇ ಸ್ಟ್ಯಾಂಡಿನ ಕೆಲಸ. ಉರುಳದಂತೆ ತಡೆಯಬೇಕಾದದ್ದು ಚಕ್ರಗಳನ್ನು.

ಗೇರ್‌ನಲ್ಲಿ ನಿಲ್ಲಿಸಿದರೆ ಏನಾಗುತ್ತದೆ?

ಎಂಜಿನ್‌ಗೆ ಏನೂ ಆಗುವುದಿಲ್ಲ. ಒಂದು ಏರನ್ನು ಹತ್ತಬೇಕಾದರೆ ಬೈಕ್ ಆ ಏರಿನ ಎಳೆತವನ್ನು ಮೀರಬೇಕು. ಅಷ್ಟೂ ಬಲ ಹೋಗುವುದು ಇದೇ ಗೇರ್‌ಗಳ ಮೂಲಕ, ಅದೂ ಇಬ್ಬರು ಕೂತಿರುವಾಗ. ನಿಂತ ಬೈಕ್ ಗೇರ್ ಮೇಲೆ ಹಾಕುವ ಭಾರ ಅದಕ್ಕಿಂತ ಕಡಿಮೆ. ಹತ್ತುವಾಗ ಹಾಳಾಗದ ಗೇರ್ ಸುಮ್ಮನೆ ನಿಂತಾಗ ಹಾಳಾಗುವುದು ಹೇಗೆ?

ಆದರೆ ಯಾವ ಗೇರ್ ಎಂಬುದು ಮುಖ್ಯ. ಒಂದನೇ ಗೇರ್‌ನಲ್ಲಿ ಹಿಂದಿನ ಚಕ್ರ ಒಂದು ಸುತ್ತು ತಿರುಗಬೇಕಾದರೆ ಎಂಜಿನ್ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ಸುತ್ತು ತಿರುಗಬೇಕು. ಹಾಗಾಗಿ ಚಕ್ರ ಜಗ್ಗಿದರೂ ಎಂಜಿನ್ ಸುಲಭಕ್ಕೆ ಬಗ್ಗುವುದಿಲ್ಲ. ಮೇಲಿನ ಗೇರ್‌ಗಳಲ್ಲಿ ಈ ಅನುಕೂಲ ಅರ್ಧಕ್ಕೂ ಕಡಿಮೆಯಾಗುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಎಂಜಿನ್ ಚಕ್ರವನ್ನು ಗಟ್ಟಿಯಾಗಿ ಹಿಡಿಯುವುದು ಪಿಸ್ಟನ್ ಗಾಳಿಯನ್ನು ಒತ್ತುವ ಹಂತದಲ್ಲಿ ಮಾತ್ರ. ಒಂದೇ ಸಿಲಿಂಡರ್ ಇರುವ ಬೈಕ್‌ನಲ್ಲಿ ಈ ಹಂತ ಎಂಜಿನ್‌ನ ಎರಡು ಸುತ್ತಿಗೆ ಒಮ್ಮೆ ಬರುತ್ತದೆ. ಪಿಸ್ಟನ್ ಬೇರೆ ಹಂತದಲ್ಲಿ ನಿಂತಿದ್ದರೆ ಬೈಕ್ ಒಂದು ಗೇಣಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜರುಗಿ ಆಮೇಲೆ ನಿಲ್ಲಬಹುದು. ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳಲು ಆ ಒಂದು ಗೇಣು ಸಾಕು. ‘ಗೇರ್‌ನಲ್ಲೇ ಇತ್ತು, ಆದರೂ ಬಿತ್ತು’ ಎನ್ನುವವರ ಮಾತಿನ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ ಎಂಬುದು ನಮ್ಮ ಅಂದಾಜು.

ಪರಿಹಾರ ಸುಲಭ. ಬೈಕ್ ಮೇಲೆ ಕೂತಿರುವಾಗಲೇ, ಮುಂದಿನ ಬ್ರೇಕ್ ಹಿಡಿದುಕೊಂಡು, ಒಂದನೇ ಗೇರ್ ಹಾಕಿ ಎಂಜಿನ್ ಆಫ್ ಮಾಡಿ. ಕ್ಲಚ್ ಪೂರ್ತಿ ಬಿಡಿ. ಆಮೇಲೆ ಬ್ರೇಕನ್ನು ಮೆಲ್ಲಗೆ ಸಡಿಲಿಸಿ. ಬೈಕ್ ಎಷ್ಟು ಜರುಗಬೇಕೋ ಅಷ್ಟು ಜರುಗಿ ಎಂಜಿನ್‌ಗೆ ಆತು ನಿಲ್ಲುತ್ತದೆ. ಸೈಡ್ ಸ್ಟ್ಯಾಂಡ್ ಹಾಕಬೇಕಾದದ್ದು ಆಗ, ಅದಕ್ಕಿಂತ ಮೊದಲಲ್ಲ.

ಸ್ಕೂಟರ್ ಓದುಗರಿಗೊಂದು ಮಾತು: ನಿಮ್ಮ ಗಾಡಿಗೆ ಈ ಭಾಗ್ಯವಿಲ್ಲ. ಗೇರ್‌ಲೆಸ್ ಸ್ಕೂಟರ್‌ನ ಕ್ಲಚ್ ಎಂಜಿನ್ ತಿರುಗುತ್ತಿರುವಾಗ ಮಾತ್ರ ಚಕ್ರವನ್ನು ಹಿಡಿಯುತ್ತದೆ. ಆಫ್ ಮಾಡಿದ ಮೇಲೆ ಅದು ಸದಾ ನ್ಯೂಟ್ರಲ್‌ನಲ್ಲಿ ಇದ್ದಂತೆಯೇ. ಡಿಸಿಟಿ ಇರುವ ಗೋಲ್ಡ್ ವಿಂಗ್‌ನಲ್ಲೂ ಇದೇ ಕತೆ, ಅದಕ್ಕೇ ಅದರಲ್ಲಿ ಕಾರಿನಂತೆ ಪಾರ್ಕಿಂಗ್ ಬ್ರೇಕ್ ಕೊಟ್ಟಿದ್ದಾರೆ. ಸ್ಕೂಟರ್‌ನಲ್ಲಿ ಬ್ರೇಕ್ ಲಾಕ್ ಮಾಡುವ ಕ್ಲಿಪ್ ಇದ್ದರೆ ಅದನ್ನು ಬಳಸಿ.

ಮೂತಿ ಏರಿನ ಕಡೆಗೆ

ಸೈಡ್ ಸ್ಟ್ಯಾಂಡ್ ಹೇಗೆ ಮಡಚಿಕೊಳ್ಳುತ್ತದೆ ನೋಡಿ: ಹಿಂದಕ್ಕೆ. ಬೈಕ್ ಮುಂದಕ್ಕೆ ಉರುಳಿದರೆ ನೆಲದ ಮೇಲೆ ನಿಂತ ಸ್ಟ್ಯಾಂಡ್ ತಾನಾಗಿಯೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಿಂದಕ್ಕೆ ಉರುಳಲು ನೋಡಿದರೆ ಸ್ಟ್ಯಾಂಡ್ ತನ್ನ ಮುಂದಿನ ತಡೆಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಆದ್ದರಿಂದ ಬೈಕ್‌ನ ಮೂತಿ ಯಾವಾಗಲೂ ಏರಿನ ಕಡೆಗೆ ಇರಲಿ.

ಘಾಟಿ ಇಳಿಯುತ್ತಾ ಬಂದವರು ಎಡಬದಿಗೆ ಹಾಗೆಯೇ ನಿಲ್ಲಿಸಿಬಿಡುವುದು ಸಹಜ, ಆದರೆ ಆಗ ಮೂತಿ ತಗ್ಗಿನ ಕಡೆಗಿರುತ್ತದೆ. ರಸ್ತೆ ಖಾಲಿಯಿದ್ದು, ಎರಡೂ ಕಡೆಯಿಂದ ಬರುವ ವಾಹನ ಕಾಣುವಂತಿದ್ದರೆ ಮಾತ್ರ ತಿರುಗಿಸಿಕೊಳ್ಳಿ. ತಿರುವಿನಲ್ಲಂತೂ ಆ ಸಾಹಸ ಬೇಡ, ಮುಂದಿನ ಅಗಲವಾದ ಜಾಗದವರೆಗೆ ಹೋಗಿ. ಮೂತಿ ಮೇಲಕ್ಕೆ ಮಾಡಿಕೊಂಡು, ಬ್ರೇಕ್ ಬಿಡುತ್ತಾ ಹಿಡಿಯುತ್ತಾ ಹಿಂದಕ್ಕೆ ಜಾರಿ, ಹಿಂದಿನ ಚಕ್ರ ರಸ್ತೆಯಂಚಿನ ಕಲ್ಲುಕಟ್ಟೆಗೆ ತಾಗಿ ನಿಂತರೆ ಇನ್ನೂ ಒಳ್ಳೆಯದು. ಇದರಿಂದ ಇನ್ನೊಂದು ಲಾಭವೂ ಇದೆ. ಹೊರಡುವಾಗ ಗೇರ್ ಹಾಕಿ ಹೊರಟರಾಯಿತು. ತಗ್ಗಿನ ಗೋಡೆಗೆ ಮೂತಿ ಒತ್ತಿ ನಿಲ್ಲಿಸಿದರೆ ಆ ಅಕ್ಕಿ ಚೀಲದ ಭಾರವನ್ನು ತುದಿಗಾಲಲ್ಲಿ ಹಿಂದಕ್ಕೆ ತಳ್ಳಬೇಕಾಗುತ್ತದೆ. ಹೆಚ್ಚಿನ ಬೈಕ್‌ಗಳಲ್ಲಿ ರಿವರ್ಸ್ ಗೇರ್ ಇಲ್ಲವಲ್ಲ.

ಪಕ್ಕದ ವಾಲು ಇನ್ನೊಂದು ಸಮಸ್ಯೆ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳು ಸಾಮಾನ್ಯವಾಗಿ ಅಂಚಿನ ಕಡೆಗೆ ತಗ್ಗಾಗಿರುತ್ತವೆ. ಎಡ ಅಂಚಿನಲ್ಲಿ ನಿಲ್ಲಿಸಿದ ಬೈಕ್‌ನ ಸ್ಟ್ಯಾಂಡ್ ಇರುವುದೂ ಎಡಕ್ಕೆ. ಹಾಗಾಗಿ ಬೈಕ್ ಅಗತ್ಯಕ್ಕಿಂತ ಹೆಚ್ಚು ವಾಲುತ್ತದೆ, ಸ್ಟ್ಯಾಂಡ್ ಮೇಲೆ ಭಾರ ಹೆಚ್ಚುತ್ತದೆ. ಎಡಬದಿಯ ನೆಲ ಎತ್ತರವಾಗಿದ್ದರೆ ಇದಕ್ಕೆ ಉಲ್ಟಾ: ಬೈಕ್ ತೀರಾ ನೆಟ್ಟಗೆ ನಿಂತು, ಯಾರಾದರೂ ಒರಗಿದರೆ ಬಲಕ್ಕೆ ಬೀಳುತ್ತದೆ. ಏರಿನ ಕಡೆ ಮುಖ ಮಾಡಿದ ಬೈಕ್ ಹೆಚ್ಚು ವಾಲುತ್ತಿದ್ದರೆ ಮೂತಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ನಿಲ್ಲಿಸಿ, ತೀರಾ ನೆಟ್ಟಗಿದ್ದರೆ ಸ್ವಲ್ಪ ಎಡಕ್ಕೆ. ನಾಲ್ಕು ಬೆರಳಿನಷ್ಟು ಬದಲಾವಣೆಯೂ ಕೆಲವೊಮ್ಮೆ ಸಾಕಾಗುತ್ತದೆ.

ಹ್ಯಾಂಡಲ್ ಪೂರ್ತಿ ಎಡಕ್ಕಿರಲಿ. ಬಲಕ್ಕೆ ತಿರುಗಿಸಿದರೆ ಬೈಕ್‌ನ ಸ್ಥಿರತೆ ಕಡಿಮೆಯಾಗುತ್ತದೆ ಎಂದು ಹೋಂಡಾ ಕೈಪಿಡಿಗಳೂ ಎಚ್ಚರಿಸುತ್ತವೆ. ಲಾಕ್ ಮಾಡುವುದು ಕಳ್ಳರ ಕಾರಣಕ್ಕೆ. ಅದು ಚಕ್ರ ತಿರುಗುವುದನ್ನು ತಡೆಯುವುದಿಲ್ಲ.

ಡಬಲ್ ಸ್ಟ್ಯಾಂಡ್ ಏಕೆ ಬೇಡ?

ಡಬಲ್ ಸ್ಟ್ಯಾಂಡ್ ಹಾಕಿದಾಗ ಸಾಮಾನ್ಯವಾಗಿ ಹಿಂದಿನ ಚಕ್ರ ಗಾಳಿಯಲ್ಲಿರುತ್ತದೆ. ಗೇರ್ ಹಿಡಿದುಕೊಳ್ಳುವುದು ಆ ಚಕ್ರವನ್ನೇ. ಅಂದರೆ ಇದ್ದ ಒಂದು ಹಿಡಿತವನ್ನೂ ನಾವೇ ಕಳೆದುಕೊಂಡಂತೆ. ಸ್ಟ್ಯಾಂಡ್‌ನಿಂದ ಬೈಕ್ ಇಳಿಸಲು ಏನು ಮಾಡುತ್ತೀರಿ? ಮುಂದಕ್ಕೆ ತಳ್ಳುತ್ತೀರಿ. ಮೂತಿ ತಗ್ಗಿನ ಕಡೆಗಿದ್ದರೆ ಆ ಕೆಲಸವನ್ನು ಇಳಿಜಾರೇ ಮಾಡಿಬಿಡುತ್ತದೆ. ಪಕ್ಕಕ್ಕೆ ತಗ್ಗಿದ್ದರೂ ಕಷ್ಟ, ಏಕೆಂದರೆ ನೆಟ್ಟಗೆ ನಿಂತ ಬೈಕ್ ಆ ಕಡೆಗೆ ಬೇಗ ಮಗುಚುತ್ತದೆ. ಡಬಲ್ ಸ್ಟ್ಯಾಂಡ್ ಸಮತಟ್ಟಾದ, ಗಟ್ಟಿ ನೆಲಕ್ಕೆ ಮಾತ್ರ.

ಗಟ್ಟಿ ನೆಲ ಎಂದೆವು. ಮಳೆಗಾಲದಲ್ಲಿ ಮಲೆನಾಡಿನ ರಸ್ತೆ ಪಕ್ಕದ ಮಣ್ಣು ನೋಡಲು ಗಟ್ಟಿ, ಒಳಗೆ ಬೆಣ್ಣೆ. ಬೇಸಿಗೆಯ ಮಧ್ಯಾಹ್ನ ಡಾಂಬರೂ ಮೆತ್ತಗಾಗುತ್ತದೆ. ಸೈಡ್ ಸ್ಟ್ಯಾಂಡಿನ ಪಾದ ಬಹಳ ಚಿಕ್ಕದು, ಅದು ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ನಿಲ್ಲಿಸಿದಾಗ ಸರಿಯಿದ್ದ ಬೈಕ್ ಅರ್ಧ ಗಂಟೆಯ ಬಳಿಕ ಬಿದ್ದಿರುತ್ತದೆ. ಚಪ್ಪಟೆ ಕಲ್ಲು, ಹಲಗೆ ತುಂಡು, ಒತ್ತಿ ಮಟ್ಟ ಮಾಡಿದ ಡಬ್ಬಿ, ಯಾವುದಾದರೂ ಸರಿ, ಪಾದದ ಕೆಳಗೆ ಇಡಿ.

ಮುಂದಿನ ಚಕ್ರವನ್ನೂ ಹಿಡಿಯಬೇಕೆಂದರೆ ಹಳೆಯ ಟ್ಯೂಬ್‌ನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಸಾಕು. ಮುಂದಿನ ಬ್ರೇಕ್ ಒತ್ತಿ, ಲಿವರ್ ಮತ್ತು ಹ್ಯಾಂಡಲ್ ಎರಡಕ್ಕೂ ಸೇರಿಸಿ ಬಿಗಿಯಾಗಿ ಸುತ್ತಿ. ಊಟ ಮುಗಿಸಿ ಬರುವ ಹೊತ್ತಿಗೆ ಇದು ಒಳ್ಳೆಯ ಉಪಾಯ. ರಾತ್ರಿಯಿಡೀ ಇದೊಂದನ್ನೇ ನಂಬಬೇಡಿ, ರಬ್ಬರ್ ಜಾರಬಹುದು. ಲಾರಿ ಚಾಲಕರಂತೆ ತಗ್ಗಿನ ಕಡೆಯಿಂದ ಚಕ್ರಕ್ಕೆ ಕಲ್ಲು ಕೊಡುವುದೂ ಸರಿಯೇ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಆಚೆ ಹಾಕಿ. ಕತ್ತಲಲ್ಲಿ ಹಿಂದೆ ಬರುವವರು ಅದಕ್ಕೆ ಗುದ್ದುತ್ತಾರೆ.

ಲಗೇಜ್ ಇಳಿಸುವಾಗಲೂ ಒಂದು ಕ್ರಮವಿದೆ. ಎರಡೂ ಬದಿ ಪೆಟ್ಟಿಗೆ ಇದ್ದರೆ ಮೊದಲು ಬಲಗಡೆಯದನ್ನು ತೆಗೆಯಿರಿ. ಎಡಗಡೆಯದನ್ನು ಮೊದಲು ತೆಗೆದರೆ ಉಳಿದ ಭಾರವೆಲ್ಲ ಸ್ಟ್ಯಾಂಡ್ ಇಲ್ಲದ ಕಡೆಗೆ ಎಳೆಯುತ್ತದೆ. ಕಟ್ಟುವಾಗ ಎಡಗಡೆ ಮೊದಲು. ಭಾರ ಹೇರಿದಂತೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ, ಬೈಕ್ ಸ್ಟ್ಯಾಂಡ್ ಮೇಲೆ ಇನ್ನಷ್ಟು ನೆಟ್ಟಗಾಗುತ್ತದೆ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಮಾಡಿಯೂ ಬೈಕ್ ಬೀಳತೊಡಗಿದರೆ ಹಿಡಿಯಲು ಹೋಗಬೇಡಿ, ದೂರ ಸರಿಯಿರಿ. ಸ್ವಲ್ಪ ವಾಲಿದ ಬೈಕನ್ನು ತಡೆಯಬಹುದು, ಅರ್ಧ ದಾಟಿದ 250 ಕೆ.ಜಿ.ಯನ್ನು ಒಬ್ಬರಿಂದ ತಡೆಯಲಾಗದು. ಮುರಿಯುವುದು ಕಾಲು ಅಥವಾ ಮಣಿಕಟ್ಟು. ಲಿವರ್ ಹೊಸದು ಸಿಗುತ್ತದೆ. ಬಿದ್ದ ಮೇಲೆ ಕೀ ಆಫ್ ಮಾಡಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ, ಬೀಡಿ ಸಿಗರೇಟ್ ಹಿಡಿದವರನ್ನು ದೂರ ಕಳಿಸಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಇನ್ನೊಂದು ಬದಿಗೆ ಬೀಳುತ್ತದೆ. ಬಿಸಿ ಸೈಲೆನ್ಸರ್ ಮುಟ್ಟಬೇಡಿ. ಟ್ಯಾಂಕ್ ತಗ್ಗಿನ ಕಡೆಗೆ, ಚಕ್ರಗಳು ಏರಿನ ಕಡೆಗೆ ಇರುವಂತೆ ಬಿದ್ದಿದ್ದರೆ ಒಬ್ಬರೇ ಎತ್ತುವ ಪ್ರಯತ್ನವನ್ನೇ ಮಾಡಬೇಡಿ. ಮೂರ್ನಾಲ್ಕು ಜನ ಸೇರುವವರೆಗೆ ಬೈಕ್ ಅಲ್ಲೇ ಮಲಗಿರಲಿ. ತಿರುವಿನ ಹತ್ತಿರವಾದರೆ ಅಷ್ಟರಲ್ಲಿ ಒಬ್ಬರು ಸ್ವಲ್ಪ ಮೇಲೆ ಹೋಗಿ, ಇಳಿದು ಬರುವ ವಾಹನಗಳಿಗೆ ಕೈ ತೋರಿಸುತ್ತಿರಲಿ.