ಕಾಬೂಲಿನ ಗುಹೆಯಿಂದ ಬಂದ ತುರ್ಕ ರಾಜ

ನಮ್ಮ ಕಡೆ ಮುಸ್ಲಿಮರನ್ನು 'ತುರ್ಕರು' ಅನ್ನುವ ರೂಢಿ ಹಳೆಯದು. ಉಪ್ಪನ ಅಂಗಡಿಗೆ ಬರುವ ಗಿರಾಕಿಗಳ ಬಾಯಲ್ಲಿ ಈ ಮಾತು ಕೇಳುತ್ತಲೇ ನಾನು ಬೆಳೆದೆ. ಕೆಲವರಿಗೆ ಅದು ಬೈಗುಳ, ಕೆಲವರಿಗೆ ಬರೇ ಗುರುತು. ಆದರೆ ಬ್ಯಾರಿಗಳಾದ ನಮ್ಮ ಹಳೆಯ ನಂಟು ಅರಬಿ ಕಡಲಿನ ವ್ಯಾಪಾರದ್ದು, ತುರ್ಕರದ್ದಲ್ಲ. ಇನ್ನು ಆ ತುರ್ಕರಾದರೂ ಮೊದಲಿನಿಂದ ಮುಸ್ಲಿಮರಾಗಿದ್ದರೇ? ಬರ್ಹಾ ತೆಗಿನ್ ಎಂಬ ರಾಜನ ಕತೆ ಕೇಳಿ.

ಕ್ರಿ.ಶ. 665ರ ಸುಮಾರಿಗೆ ಅರಬ್ ಸೈನ್ಯ ಕಾಬೂಲನ್ನು ಹಿಡಿಯಿತು. ಸ್ವಲ್ಪ ಕಾಲದಲ್ಲೇ ಅವರನ್ನು ಹಿಂದಕ್ಕಟ್ಟಿ ಅಲ್ಲಿ ಗಟ್ಟಿಯಾಗಿ ನೆಲೆಯೂರಿದವರು ತುರ್ಕರು. ಇತಿಹಾಸಕಾರರು ಅವರನ್ನು 'ತುರ್ಕ್ ಶಾಹಿ'ಗಳು ಎನ್ನುತ್ತಾರೆ. ಆ ವಂಶದ ಮೂಲಪುರುಷನೇ ಬರ್ಹಾ ತೆಗಿನ್. 'ತೆಗಿನ್' ಅಂದರೆ ತುರ್ಕಿ ಭಾಷೆಯಲ್ಲಿ ರಾಜಕುಮಾರ.

ಇವನ ಕತೆಯನ್ನು ನಮಗೆ ಉಳಿಸಿಕೊಟ್ಟವರು ವಿದ್ವಾಂಸ ಅಲ್ ಬಿರೂನಿ. 1030ರ ಸುಮಾರಿಗೆ ಹಿಂದ್ ದೇಶದ ಬಗ್ಗೆ ಬರೆದ ಗ್ರಂಥದಲ್ಲಿ ಅವರು ಹೇಳುವುದು ಹೀಗೆ: ಕಾಬೂಲಿನಲ್ಲಿ ಒಂದು ಗುಹೆ. ಒಳಗೆ ಹೋಗಬೇಕಾದರೆ ಅಂಬೆಗಾಲಿಡಬೇಕು. ಒಳಗೆ ನೀರಿತ್ತು. ಬರ್ಹಾ ತೆಗಿನ್ ಕೆಲವು ದಿನಕ್ಕಾಗುವಷ್ಟು ಆಹಾರ ಇಟ್ಟುಕೊಂಡು ಅದರೊಳಗೆ ಸೇರಿಕೊಂಡ. ಹೊರಗೆ ರೈತರು ಕೆಲಸ ಮಾಡುತ್ತಿದ್ದರು. ಕೆಲವು ದಿನ ಕಳೆದು, ಅವರ ಕಣ್ಣೆದುರೇ, ಆಗ ತಾನೇ ಹುಟ್ಟಿದ ಮಗುವಿನಂತೆ ಅವನು ತೆವಳಿಕೊಂಡು ಹೊರಬಂದ. ಮುಂದೆ ತೆರೆದ ಗಿಡ್ಡ ಅಂಗಿ, ಎತ್ತರದ ಟೊಪ್ಪಿ, ಬೂಟು, ಆಯುಧ, ಎಲ್ಲ ತುರ್ಕರ ವೇಷ. ಇವನು ರಾಜನಾಗಲೆಂದೇ ಬಂದವನು ಎಂದು ಜನ ನಂಬಿದರು.

ಬಿರೂನಿ ನಂಬಲಿಲ್ಲ. ಒಳಗಾಳುಗಳಿಲ್ಲದೆ ಇಂಥ ತಂತ್ರ ನಡೆಯುವುದಿಲ್ಲ. ಗುಹೆಯ ಬಾಯಲ್ಲಿ ಹಗಲು ರಾತ್ರಿ ಸರದಿಯ ಮೇಲೆ ಜನರಿರುವಂತೆ ಮೊದಲೇ ಏರ್ಪಾಡು ಮಾಡಿದ್ದರು ಎನ್ನುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಬಿರೂನಿ ಹಿಡಿಸಿದ್ದು ಇಲ್ಲೇ. ಮೆಷಿನ್ ಬಿಚ್ಚಿ ನೋಡಿದ ಹಾಗೆ ಪವಾಡವನ್ನೂ ಬಿಚ್ಚಿ ನೋಡುತ್ತಾರೆ.

ಈ ವಂಶ ಸುಮಾರು ಅರವತ್ತು ತಲೆಮಾರು ಆಳಿತೆಂಬ ಮಾತನ್ನೂ ಅವರು ದಾಖಲಿಸಿದ್ದಾರೆ. ಲೆಕ್ಕ ಹಾಕಿದರೆ ಅದು ಕೂಡಿಬರುವುದಿಲ್ಲ. 9ನೇ ಶತಮಾನದಲ್ಲೇ ಕೊನೆಯ ರಾಜ ಲಗತೂರ್ಮಾನ್‌ನಿಂದ ಅವನ ಬ್ರಾಹ್ಮಣ ಮಂತ್ರಿ ಕಲ್ಲರ್ ಅಧಿಕಾರ ಕಿತ್ತುಕೊಂಡಿದ್ದ. ಎಷ್ಟೋ ಶತಮಾನ ಹಿಂದಿನ ಕನಿಷ್ಕನನ್ನೂ ಈ ವಂಶಕ್ಕೇ ಸೇರಿಸಿ ಹೇಳುತ್ತಿದ್ದರು. ಹೊರಗಿನಿಂದ ಬಂದವರಿಗೆ ಆಳಲು ಹಳೆಯ ಬೇರು ತೋರಿಸಬೇಕಿತ್ತು. ರೇಷ್ಮೆಯ ಮೇಲೆ ಬರೆದ ವಂಶಾವಳಿ ನಗರಕೋಟೆಯಲ್ಲಿದೆ ಎಂದು ಬಿರೂನಿ ಕೇಳಿದ್ದರು, ನೋಡುವ ಆಸೆ ಕೈಗೂಡಲಿಲ್ಲ.

ಈ ತುರ್ಕರ ಧರ್ಮ ಯಾವುದು? 720ರ ದಶಕದಲ್ಲಿ ಗಾಂಧಾರಕ್ಕೆ ಬಂದ ಕೊರಿಯಾದ ಭಿಕ್ಷು ಹ್ಯೇಚೋ, ಅಲ್ಲಿನ ರಾಜ ತುರ್ಕ, ಆದರೆ ಬುದ್ಧ, ಧರ್ಮ, ಸಂಘಗಳ ಭಕ್ತ ಎಂದು ಬರೆದಿದ್ದಾನೆ. ಅಂದರೆ ಅರಬ್ ಮುಸ್ಲಿಂ ಸೈನ್ಯದ ಎದುರು ನಿಂತವರೇ ಈ ತುರ್ಕರು.

ಘಜ್ನಿಯ ತುರ್ಕ ಸುಲ್ತಾನರ ಆಶ್ರಯದಲ್ಲಿದ್ದ, ಸ್ವತಃ ಮುಸ್ಲಿಮರಾದ ಬಿರೂನಿ, ಬರ್ಹಾ ತೆಗಿನ್‌ನ ವಂಶದವರನ್ನು 'ಹಿಂದೂಗಳ ರಾಜರು, ಕುಲದಿಂದ ತುರ್ಕರು' ಎಂಬರ್ಥದಲ್ಲಿ ಪರಿಚಯಿಸುತ್ತಾರೆ. ಕುಲ ಬೇರೆ, ಧರ್ಮ ಬೇರೆ ಎಂಬುದು ಸಾವಿರ ವರ್ಷದ ಹಿಂದೆ ಅವರಿಗೆ ಸ್ಪಷ್ಟವಾಗಿತ್ತು. ಇನ್ನು ಯಾರಾದರೂ ನಮ್ಮ ಮಕ್ಕಳನ್ನು 'ತುರ್ಕ' ಎಂದು ಕರೆದರೆ, ಸಿಟ್ಟಾಗುವ ಬದಲು ಮಕ್ಕಳು ಈ ಕತೆ ಹೇಳಲಿ.